ಹಡಗಿನ ವೈಫೈ: ಒಂದು ಕೌಟುಂಬಿಕ ಅಧ್ಯಯನ

ಹೊರನಾಡ ಕನ್ನಡ ಕುಟುಂಬದ ಹಡಗುಯಾನವನ್ನು ಕುರಿತ ಮಾತುಕತೆ ಸಾಮಾನ್ಯವಾಗಿ ಸಸ್ಯಾಹಾರದಿಂದ ಆರಂಭವಾಗಿ ಸಸ್ಯಾಹಾರದಲ್ಲಿಯೇ ಮುಗಿಯುತ್ತದೆಯಾದರೂ, ಆ ಕುಟುಂಬದ ಒಳರಾಜಕೀಯವನ್ನು ಅರಿಯಬೇಕೆನ್ನುವವರು ಗಮನಿಸಬೇಕಾದದ್ದು ಊಟದ ಮೇಜನ್ನಲ್ಲ, ವೈಫೈಯನ್ನು. ಊಟದ ಖರ್ಚು ಟಿಕೆಟ್ಟಿನಲ್ಲಿಯೇ ಸೇರಿರುವುದರಿಂದ ಎಷ್ಟು ತಿಂದರೂ ಲೆಕ್ಕ ಕೇಳುವವರಿಲ್ಲ. ವೈಫೈ ಬಹುತೇಕ ಹಡಗುಗಳಲ್ಲಿ ಹಾಗೆ ಸೇರಿರುವುದಿಲ್ಲ, ದಿನಕ್ಕೆ ಇಷ್ಟು, ಒಂದು ಫೋನಿಗೆ ಇಷ್ಟು ಎಂದು ಪ್ರತ್ಯೇಕವಾಗಿ ಕೊಳ್ಳಬೇಕಾಗುತ್ತದೆ, ಮತ್ತು ಪ್ರತ್ಯೇಕವಾಗಿ ಕೊಳ್ಳಬೇಕಾದ ಯಾವುದೇ ವಸ್ತು ಕನ್ನಡ ಮನೆಯೊಳಗೆ ಚರ್ಚೆಯಿಲ್ಲದೆ ಬಂದದ್ದಿಲ್ಲ.

ಈ ಅಧ್ಯಯನಕ್ಕೆ ಸಿಯಾಟಲ್ಲಿನಿಂದ ಅಲಾಸ್ಕಾಕ್ಕೆ ಹೋಗಿಬರುವ ಏಳು ದಿನಗಳ ಯಾನ ತಕ್ಕ ಕ್ಷೇತ್ರವಾಗಿದೆ. ಬೆಲ್‌ವ್ಯೂ, ರೆಡ್ಮಂಡ್ ಮೊದಲಾದ ಊರುಗಳಲ್ಲಿ ನೆಲೆಸಿರುವ ಸಾಫ್ಟ್‌ವೇರ್ ಕುಟುಂಬಗಳಿಗೆ ವಿಮಾನದ ಖರ್ಚಿಲ್ಲದೆ ಕಾರಿನಲ್ಲಿಯೇ ಹೋಗಿ ಹಡಗು ಹತ್ತಬಹುದಾದ ಪ್ರವಾಸ ಇದಾಗಿದ್ದು, ಯಾನದ ಕಾಲವೂ ಮೈಸೂರಿನಿಂದ ತಂದೆತಾಯಿ ಬಂದಿರುವ ಬೇಸಿಗೆಯ ಕಾಲವೂ ಒಂದೇ ಆಗಿರುವುದು ಅನುಕೂಲವೇ ಸರಿ. ಗಂಡ, ಹೆಂಡತಿ, ಇಬ್ಬರು ಮಕ್ಕಳು, ಅಜ್ಜಿ, ತಾತ ಎಂದು ಮಾದರಿ ಕುಟುಂಬದಲ್ಲಿ ಆರು ಜನರೂ ಆರು ಫೋನುಗಳೂ ಇರುತ್ತವೆ. ಮನೆಯ ಯಜಮಾನನು ಆರು ಫೋನು, ಏಳು ದಿನ, ದಿನದ ದರ ಇವುಗಳನ್ನು ಎಕ್ಸೆಲ್ಲಿನಲ್ಲಿ ಗುಣಿಸಿ ನೋಡಿ, ಬಂದ ಮೊತ್ತವನ್ನು ರೂಪಾಯಿಗೆ ಪರಿವರ್ತಿಸುವ ತಪ್ಪನ್ನೂ ಮಾಡಿ, ಕೊನೆಗೆ ಒಂದೇ ಒಂದು ಸಂಪರ್ಕವನ್ನು ಕೊಳ್ಳುತ್ತಾನೆ.

ಆ ಒಂದರಲ್ಲಿಯೂ ದರ್ಜೆಗಳಿವೆ. ಕೆಳದರ್ಜೆಯಲ್ಲಿ ಸಂದೇಶಗಳು ಮಾತ್ರ ಹೋಗುತ್ತವೆ, ಮೇಲ್ದರ್ಜೆಯಲ್ಲಿ ವಿಡಿಯೋ ಕರೆಯೂ, ಕಚೇರಿಯ ಗಣಕಜಾಲಕ್ಕೆ ಗುಪ್ತಮಾರ್ಗದಲ್ಲಿ ಪ್ರವೇಶ ಕೊಡುವ ವಿಪಿಎನ್ ಎಂಬ ವ್ಯವಸ್ಥೆಯೂ ನಡೆಯುತ್ತದೆ. ಯಜಮಾನನು ಮೇಲ್ದರ್ಜೆಯನ್ನೇ ಆರಿಸಿ, ಅದು ಅಮ್ಮ ಊರಿಗೆ ವಿಡಿಯೋ ಕಾಲ್ ಮಾಡಲಿ ಎಂಬ ಉದ್ದೇಶದಿಂದ ಎಂದು ಹೆಂಡತಿಗೆ ತಿಳಿಸುತ್ತಾನೆ. ಮಾತೃಭಕ್ತಿಯ ಇತಿಹಾಸದಲ್ಲಿ ವಿಪಿಎನ್‌ನ ಪಾತ್ರವನ್ನು ವಿದ್ವಾಂಸರು ಇನ್ನೂ ಸರಿಯಾಗಿ ಗುರುತಿಸಿಲ್ಲ.

ಹಡಗಿನ ವೈಫೈ ನೆಲದ ವೈಫೈಯಂತೆ ಇರುವುದಿಲ್ಲವೇಕೆ ಎಂಬುದನ್ನು ಇಲ್ಲಿ ವಿವರಿಸಬೇಕಾಗುತ್ತದೆ. ನಡುಗಡಲಿನ ಹಡಗಿಗೆ ಕೇಬಲ್ಲು ಇಲ್ಲದಿರುವುದರಿಂದ ಎಲ್ಲ ಮಾತೂ ಉಪಗ್ರಹದ ಮೂಲಕವೇ ಹೋಗಿಬರಬೇಕು. ಬಹುಕಾಲ ಇದಕ್ಕೆ ಬಳಕೆಯಾದದ್ದು ಭೂಸ್ಥಿರ ಉಪಗ್ರಹ, ಅಂದರೆ ಸಮಭಾಜಕ ವೃತ್ತದ ಮೇಲೆ ಸುಮಾರು 35,786 ಕಿಲೋಮೀಟರ್ ಎತ್ತರದಲ್ಲಿ, ಭೂಮಿಯ ಜೊತೆಗೇ ಸುತ್ತುತ್ತ ನಿಂತಲ್ಲೇ ನಿಂತಂತೆ ಕಾಣುವ ಉಪಗ್ರಹ. ಅಷ್ಟು ದೂರ ಏರಿ ಇಳಿದು, ಉತ್ತರವೂ ಅದೇ ದಾರಿಯಲ್ಲಿ ಮರಳುವಷ್ಟರಲ್ಲಿ ಬೆಳಕಿನ ವೇಗದಲ್ಲಿಯೂ ಅರ್ಧ ಸೆಕೆಂಡಿನಷ್ಟು ಕಾಲ ಕಳೆದಿರುತ್ತದೆ. ಸರದಿಯಂತೆ ಮಾತಾಡುವ ಜನಾಂಗಗಳಿಗೆ ಇದು ದೊಡ್ಡ ತೊಂದರೆಯಲ್ಲದಿರಬಹುದು, ಆದರೆ ಇಬ್ಬರು ಅಕ್ಕತಂಗಿಯರು ಏಕಕಾಲಕ್ಕೆ ಮಾತಾಡುತ್ತ ಏಕಕಾಲಕ್ಕೆ ಕೇಳಿಸಿಕೊಳ್ಳುವ ಕನ್ನಡ ಪದ್ಧತಿಗೆ ಅರ್ಧ ಸೆಕೆಂಡು ಮಾರಕವಾಗಿದ್ದು, ಹಡಗಿನಿಂದ ಹೊರಟ "ಕೇಳಿಸ್ತಿದೆಯೇನೇ?" ಮತ್ತು ಮೈಸೂರಿನಿಂದ ಹೊರಟ "ಕೇಳಿಸ್ತಿದೆಯೇನೇ ಅಕ್ಕ?" ಎಂಬೆರಡು ಪ್ರಶ್ನೆಗಳು ಅಂತರಿಕ್ಷದಲ್ಲಿ ಡಿಕ್ಕಿ ಹೊಡೆದು, ಎರಡೂ ಕಡೆ ಮೌನ ನೆಲೆಸಿ, ಅನಂತರ ಮತ್ತೆ ಇಬ್ಬರೂ ಒಟ್ಟಿಗೇ ಅದನ್ನೇ ಕೇಳುವುದು ರೂಢಿಯಾಗಿತ್ತು. 2022ರ ಆಗಸ್ಟಿನಲ್ಲಿ ರಾಯಲ್ ಕೆರಿಬಿಯನ್ ತನ್ನ ಹಡಗುಗಳಿಗೆ ಸ್ಟಾರ್‌ಲಿಂಕ್ ಅಳವಡಿಸುವುದಾಗಿ ಪ್ರಕಟಿಸಿದ ಮೇಲೆ ಇತರ ಸಂಸ್ಥೆಗಳೂ ಆ ದಾರಿ ಹಿಡಿದವು. ಸ್ಟಾರ್‌ಲಿಂಕ್ ಎಂಬುದು ಸುಮಾರು 550 ಕಿಲೋಮೀಟರ್ ಎತ್ತರದಲ್ಲಷ್ಟೇ ಸುತ್ತುವ ಸಾವಿರಾರು ಚಿಕ್ಕ ಉಪಗ್ರಹಗಳ ಜಾಲವಾದ್ದರಿಂದ ವಿಳಂಬ ಬಹಳ ಕಡಿಮೆಯಾಗಿದೆ. ಮಾತಿಗೆ ಮಾತು ಡಿಕ್ಕಿ ಹೊಡೆಯುವುದು ಮಾತ್ರ ನಿಂತಿಲ್ಲ, ಅದಕ್ಕೆ ಕಾರಣ ಉಪಗ್ರಹವಾಗಿರಲಿಲ್ಲ.

ಒಂದೇ ಸಂಪರ್ಕವನ್ನು ಆರು ಜನ ಬಳಸುವ ವಿಧಾನ ಸರಳವಾಗಿದೆ: ಒಬ್ಬರು ಹೊರಬಂದರೆ ಇನ್ನೊಬ್ಬರು ಒಳಹೋಗಬಹುದು. ಹೊರಬರುವವರು ಯಾರು ಎಂಬಲ್ಲಿ ತೊಡಕಿದೆ. ಹೈಸ್ಕೂಲಿನ ಮೊಮ್ಮಗಳಿಗೆ ಸ್ನ್ಯಾಪ್‌ಚಾಟ್‌ನ ಸ್ಟ್ರೀಕ್ ಉಳಿಸಿಕೊಳ್ಳುವ ಹೊಣೆಯಿದೆ. ಗೆಳತಿಯರಿಬ್ಬರೂ ದಿನಕ್ಕೊಮ್ಮೆಯಾದರೂ ಚಿತ್ರ ಕಳಿಸಿಕೊಳ್ಳದಿದ್ದರೆ ನೂರಾರು ದಿನಗಳಿಂದ ಬೆಳೆದ ಎಣಿಕೆ ಅಳಿಸಿಹೋಗುತ್ತದೆ. ತಂದೆತಾಯಿಗೆ ಇದು ಹುಚ್ಚಾಟವೆಂದು ಕಂಡರೂ, ಅಜ್ಜಿಯು ಇದನ್ನು ನಂದಾದೀಪವೆಂದು ತಕ್ಷಣ ಗ್ರಹಿಸಿ, "ಪಾಪ, ಆರಿಸಬಾರದು ಕಣೋ, ಅವಳಿಗೆ ಮೊದಲು ಕೊಡು" ಎಂದು ತೀರ್ಪು ಕೊಟ್ಟುಬಿಡುತ್ತಾರೆ. ಸೊಸೆಯಾದವಳು ಊರಿನ ಕನ್ನಡ ಸಂಘದ ಸಾಂಸ್ಕೃತಿಕ ಸಮಿತಿಯಲ್ಲಿದ್ದರಂತೂ ಹೇಳುವುದೇ ಬೇಡ. ಗಣೇಶನ ಹಬ್ಬದ ಕಾರ್ಯಕ್ರಮ ಪಟ್ಟಿಯಲ್ಲಿ ತಮ್ಮ ಮಗುವಿನ ನೃತ್ಯ ಊಟಕ್ಕೆ ಮುಂಚೆಯೇ ಬರಬೇಕೆಂದು ಒತ್ತಾಯಿಸುವ ಪೋಷಕರ ಸಂದೇಶಗಳಿಗೆ ಹನ್ನೆರಡು ಮಹಡಿಯ ಹಡಗಿನ ಯಾವ ಮೂಲೆಯೂ ದೂರವಲ್ಲ.

ಆದರೂ ಸಂಪರ್ಕದ ನಿಜವಾದ ಒಡತಿ ಅಜ್ಜಿಯೇ. ಇದಕ್ಕೆ ಖಗೋಳದ ಬೆಂಬಲವಿದೆ. ಬೇಸಿಗೆಯಲ್ಲಿ ಅಲಾಸ್ಕಾದ ಗಡಿಯಾರ ಭಾರತಕ್ಕಿಂತ ಹದಿಮೂರೂವರೆ ಗಂಟೆ ಹಿಂದಿರುತ್ತದೆ. ಹಿರಿಯರಿಗೆ ಬೇಗ ಊಟವಾಗಲಿ ಎಂದು ಆರಿಸಿಕೊಂಡ ಸಂಜೆ ಐದೂವರೆಯ ಪಂಕ್ತಿ ಮೈಸೂರಿನ ಮರುದಿನ ಬೆಳಗಿನ ಏಳು ಗಂಟೆಗೆ ಸರಿಯಾಗಿ ಹೊಂದುತ್ತದೆ. ಆ ಹೊತ್ತಿಗೆ ಅತ್ತಿಗೆ, ನಾದಿನಿ, ವಠಾರದ ಹಳೆಯ ನೆರೆಯವರು, ಭಜನಾ ಮಂಡಳಿಯ ಸದಸ್ಯೆಯರು ಎಲ್ಲರೂ ಗುಲಾಬಿ, ಸೂರ್ಯೋದಯ, ರಾಘವೇಂದ್ರಸ್ವಾಮಿಗಳ ಚಿತ್ರಗಳೊಡನೆ ಶುಭೋದಯ ಹೇಳಲು ಆರಂಭಿಸಿರುತ್ತಾರೆ. ಬಿಳಿ ಮೇಜುವಸ್ತ್ರದ ಮೇಲೆ ಸೂಪು ಬರುವುದಕ್ಕೂ ಫೋನು ಗುಂಯ್‌ಗುಡುವುದಕ್ಕೂ ಒಂದೇ ಗಳಿಗೆ. ಪ್ರತಿಯೊಬ್ಬರಿಗೂ ಮರುಶುಭೋದಯ ಹೇಳಬೇಕಾದ್ದು ಮರ್ಯಾದೆ, ಹೇಳದಿದ್ದರೆ ಆರೋಗ್ಯ ಕೆಟ್ಟಿದೆಯೆಂದೋ ಅಮೆರಿಕಾ ತಲೆಗೇರಿದೆಯೆಂದೋ ಅರ್ಥ. ಸಂದೇಶದ ಪಕ್ಕದಲ್ಲಿ ಟಿಕ್ ಗುರುತಿನ ಬದಲು ಪುಟ್ಟ ಗಡಿಯಾರದ ಚಿತ್ರ ಕಂಡರೆ ಅದು ಇನ್ನೂ ಫೋನನ್ನು ಬಿಟ್ಟೇ ಹೊರಟಿಲ್ಲವೆಂದು ತಿಳಿಯಬೇಕು, ಅಜ್ಜಿಯು ಸೂಪನ್ನು ಆರಲು ಬಿಟ್ಟು ಕನ್ನಡಕ ಮೇಲೆತ್ತಿ ಆ ಗಡಿಯಾರವನ್ನೇ ನೋಡುತ್ತ, "ಇಲ್ಲಿ ವೈಫೈ ಗುರುತು ಇದೆಯಲ್ಲೋ, ಮತ್ಯಾಕೆ ಹೋಗ್ತಿಲ್ಲ?" ಎಂದು ಕೇಳುತ್ತಾರೆ. ಹಡಗಿನ ಒಳಜಾಲ ಎಲ್ಲರಿಗೂ ಉಚಿತವಾಗಿದ್ದು ಊಟದ ಪಟ್ಟಿ, ಕಾರ್ಯಕ್ರಮದ ವೇಳೆ ತೋರಿಸುತ್ತದೆಂದೂ, ಅದರಾಚೆಗಿನ ಲೋಕಕ್ಕೆ ಹಣ ಕೊಟ್ಟ ಸಂಪರ್ಕವೇ ಬೇಕೆಂದೂ ಮಗನು ವಿವರಿಸುವಷ್ಟರಲ್ಲಿ, ಸಂಪರ್ಕ ತಾತನ ಬಳಿಯಿರುವುದು ಬಯಲಾಗುತ್ತದೆ.

ಇಂಥ ದಟ್ಟಣೆ ಹೊಸದಲ್ಲ. 1912ರಲ್ಲಿ ಟೈಟಾನಿಕ್ ಹಡಗಿನ ಪ್ರಯಾಣಿಕರು ಮೊದಲ ಹತ್ತು ಪದಗಳಿಗೆ ಹನ್ನೆರಡೂವರೆ ಶಿಲಿಂಗ್ ತೆತ್ತು ನಿಸ್ತಂತು ಸಂದೇಶ ಕಳಿಸುತ್ತಿದ್ದರು. ಯಂತ್ರ ಕೆಟ್ಟು ರಾಶಿಬಿದ್ದ ಖಾಸಗಿ ಸಂದೇಶಗಳನ್ನು ವಿಲೇವಾರಿ ಮಾಡುತ್ತಿದ್ದ ನಿರ್ವಾಹಕನು, ಹತ್ತಿರದ ಕ್ಯಾಲಿಫೋರ್ನಿಯನ್ ಹಡಗು ಹಿಮದ ಸುದ್ದಿ ಕೊಡಲು ಬಂದಾಗ ತನಗೆ ಬಿಡುವಿಲ್ಲವೆಂದು ಸುಮ್ಮನಾಗಿಸಿದ್ದನು. ಇನ್ನೊಂದೆಡೆ, 1936ರಲ್ಲಿ ಆಕ್ಸ್‌ಫರ್ಡಿಗೆ ಹೋದ ಕವಿ ವಿ.ಕೃ. ಗೋಕಾಕರ ಹಡಗಿನಲ್ಲಿ ವೈಫೈ ಇರಲಿಲ್ಲ; ಕನ್ನಡಕ್ಕೆ ಕಡಲಿನ ಕವಿತೆಗಳು ದಕ್ಕಿದವು.

ತಾತನ ಪ್ರಕರಣ ಬೇರೆ ಬಗೆಯದು. ಬೀಗ ಹಾಕಿ ಬಂದ ಮನೆಯ ಕರೆಂಟು ಬಿಲ್ಲು ಎಷ್ಟು ಬಂದಿದೆಯೆಂದು ನೋಡದೆ ಅವರಿಗೆ ನಿದ್ರೆ ಬರುವುದಿಲ್ಲ. ನೋಡಬೇಕಾದರೆ ಓಟಿಪಿ ಬೇಕು, ಅಂದರೆ ಕೆಲವೇ ನಿಮಿಷ ಚಾಲ್ತಿಯಲ್ಲಿರುವ ಗುಪ್ತಸಂಖ್ಯೆ. ಅದು ಬರುವುದು ಭಾರತದ ಸಿಮ್ಮಿಗೆ, ಎಸ್ಸೆಮ್ಮೆಸ್ಸಿನಲ್ಲಿ, ವೈಫೈಯಲ್ಲಲ್ಲ. ಸಿಮ್ಮನ್ನು ಕಡಲಿನಲ್ಲಿ ತೆರೆದಿಡುವಂತೆಯೂ ಇಲ್ಲ, ಏಕೆಂದರೆ ಹಡಗಿಗೇ ತನ್ನದೊಂದು ಮೊಬೈಲು ಗೋಪುರವಿದ್ದು, ಬಂದರು ಬಿಟ್ಟು ದೂರ ಹೋದೊಡನೆ ಅದು ಚಾಲೂ ಆಗಿ, ತೆರೆದ ಫೋನನ್ನು ತನ್ನತ್ತ ಸೆಳೆದು, ಸಾಮಾನ್ಯ ರೋಮಿಂಗಿಗಿಂತ ಬಹಳ ದುಬಾರಿ ದರ ಹಾಕುತ್ತದೆ. ಆದ್ದರಿಂದಲೇ ಎಲ್ಲರ ಫೋನೂ ಏರೋಪ್ಲೇನ್ ಮೋಡಿನಲ್ಲಿರಬೇಕೆಂಬುದು ಯಜಮಾನನ ಆಜ್ಞೆ, "ಹಡಗಿನಲ್ಲಿ ಕೂತು ಏರೋಪ್ಲೇನ್ ಮೋಡ್ ಯಾಕೋ?" ಎಂಬ ಅಜ್ಜಿಯ ಪ್ರಶ್ನೆಗೆ ಈವರೆಗೆ ತೃಪ್ತಿಕರ ಉತ್ತರ ದೊರೆತಿಲ್ಲ. ಪರಿಣಾಮವಾಗಿ, ಹೊರಗಿನಿಂದ ರಸ್ತೆಯೇ ಇಲ್ಲದ, ದೋಣಿಯಲ್ಲೋ ವಿಮಾನದಲ್ಲೋ ಮಾತ್ರ ತಲುಪಬಹುದಾದ ಜೂನೋ ಪಟ್ಟಣದಲ್ಲಿ ಹಡಗು ನಿಂತಾಗ ಐವರು ಮೆಂಡೆನ್‌ಹಾಲ್ ಹಿಮನದಿಗೆ ಹೋಗುತ್ತಾರೆ. ತಾತ ಹಡಗುಕಟ್ಟೆಯ ಬಳಿ, ಕಾರು ನಿಲ್ಲಿಸುವ ಕಟ್ಟಡದ ನೆತ್ತಿಯ ಮೇಲಿರುವ ಸಾರ್ವಜನಿಕ ಗ್ರಂಥಾಲಯದಲ್ಲಿ ಕುಳಿತು, ಸಿಮ್ಮು ತೆರೆದು, ಓಟಿಪಿ ಪಡೆದು, ಬಿಲ್ಲು ನೋಡುತ್ತಾರೆ. 2023ರಲ್ಲಿ ಜಾರಿಗೆ ಬಂದ, ಮನೆಗಳಿಗೆ ಉಚಿತ ವಿದ್ಯುತ್ತು ಕೊಡುವ ಗೃಹಜ್ಯೋತಿ ಯೋಜನೆಯ ದೆಸೆಯಿಂದ ಅದು ಸೊನ್ನೆಯಾಗಿರುತ್ತದೆ.

ದಿನಕ್ಕೆ ಎರಡೇ ದೊಡ್ಡ ಯಾತ್ರಾ ಹಡಗುಗಳಿಗೆ ಪ್ರವೇಶವಿರುವ ಗ್ಲೇಸಿಯರ್ ಬೇ ರಾಷ್ಟ್ರೀಯ ಉದ್ಯಾನದಲ್ಲಿ ಈ ಯಾನ ತನ್ನ ಶಿಖರವನ್ನೂ ಸಂಪರ್ಕ ತನ್ನ ಪಾತಾಳವನ್ನೂ ಮುಟ್ಟುತ್ತವೆ. ಅಷ್ಟು ಉತ್ತರದಲ್ಲಿ ಭೂಸ್ಥಿರ ಉಪಗ್ರಹಗಳು ದಕ್ಷಿಣ ದಿಗಂತದ ಬಳಿಯೇ ತಗ್ಗಿ ನಿಲ್ಲುವುದರಿಂದ, ಎರಡೂ ಬದಿಯ ಬೆಟ್ಟಗಳು ಸಂಕೇತಕ್ಕೆ ಅಡ್ಡಗಟ್ಟುತ್ತವೆ. ತಗ್ಗಿನ ಕಕ್ಷೆಯ ಉಪಗ್ರಹಗಳಿಗೂ ಆಕಾಶ ತೆರೆದಿದ್ದಷ್ಟೂ ಒಳ್ಳೆಯದು. ನೀಲಿ ಹಿಮದ ಗೋಡೆ ಬಿರಿದು ನೀರಿಗೆ ಬೀಳುವುದನ್ನು ಕಾಯುತ್ತ ಸಾವಿರಾರು ಜನ ಉಸಿರು ಬಿಗಿಹಿಡಿದಿರುವಾಗ, ಅಜ್ಜಿಯು ಫೋನನ್ನು ಮಂಕಿ ಟೋಪಿಯ ಎತ್ತರಕ್ಕೆ ಹಿಡಿದು ಅದನ್ನು ತಂಗಿಗೆ ನೇರವಾಗಿ ತೋರಿಸುತ್ತಿರುತ್ತಾರೆ. ಮೈಸೂರಿನ ಅಡುಗೆಮನೆಯಲ್ಲಿ ಕಾಣುತ್ತಿರುವ ಚಿತ್ರ ಅಲುಗಾಡದಿರುವುದರಿಂದ, ನಿಂತಿರುವುದು ಹಿಮನದಿಯೋ ವಿಡಿಯೋ ಕಾಲೋ ಎಂದು ತಂಗಿಗೆ ಕೊನೆಯವರೆಗೂ ತಿಳಿಯುವುದಿಲ್ಲ.

ಮರಳುವಾಗ ಹಡಗು ಕೆನಡಾದ ವಿಕ್ಟೋರಿಯಾದಲ್ಲಿ ನಿಲ್ಲುತ್ತದೆ. ವಿದೇಶಿ ಬಾವುಟದ ಹಡಗು ಇಂಥ ಯಾನದಲ್ಲಿ ವಿದೇಶಿ ಬಂದರೊಂದನ್ನು ಮುಟ್ಟಲೇಬೇಕೆಂಬ 1886ರ ಅಮೆರಿಕನ್ ಕಾಯ್ದೆ ಇದಕ್ಕೆ ಕಾರಣ. ಭಾರತದ ಪಾಸ್‌ಪೋರ್ಟಿನ ಹಿರಿಯರಿಗೆ ಇದಕ್ಕಾಗಿ ಕೆನಡಾದ ವೀಸಾ ಬೇಕಾಗುತ್ತದೆ ಎಂಬುದನ್ನು ಟಿಕೆಟ್ಟು ಕೊಳ್ಳುವ ಮೊದಲೇ ನೋಡಿಕೊಳ್ಳಬೇಕು. ವೈಫೈಯನ್ನೂ ಹಡಗು ಹತ್ತುವ ಮೊದಲೇ ಕೊಳ್ಳಬೇಕು, ಏಕೆಂದರೆ ಹತ್ತಿದ ಮೇಲೆ ದರ ಸಾಮಾನ್ಯವಾಗಿ ಹೆಚ್ಚು. ಎಕ್ಸೆಲ್ಲಿನ ಲೆಕ್ಕ ಏನೇ ಹೇಳಲಿ, ಒಂದರ ಬದಲು ಎರಡು ಸಂಪರ್ಕಗಳನ್ನು ಕೊಳ್ಳಿರಿ: ಒಂದು ಅಜ್ಜಿಗೆ, ಇನ್ನೊಂದು ಉಳಿದ ಐವರಿಗೆ.