ಬೇಲಿ ಮಾವ

ಅಡಿಕೆ ತೋಟವಿರುವ ಮಲೆನಾಡಿನ ಯಾವ ಊರಿಗೆ ಹೋದರೂ ಒಬ್ಬ ಬೇಲಿ ಮಾವ ಇದ್ದೇ ಇರುತ್ತಾರೆ. ಪಹಣಿಯಲ್ಲಿರುವ ಹೆಸರು ಬೇರೆ. ಐವತ್ತು ದಾಟುವ ಹೊತ್ತಿಗೆ ಊರು ಅದನ್ನು ಮರೆತು ಈ ಹೆಸರನ್ನೇ ಖಾಯಂ ಮಾಡಿರುತ್ತದೆ. ಮಳೆ ಹೊಳವಾಗಿ ದೀಪಾವಳಿ ಹತ್ತಿರ ಬಂತೆಂದರೆ ಅವರು ಸೊಂಟಕ್ಕೆ ಕತ್ತಿ ಸಿಕ್ಕಿಸಿ, ಬಾಯಿಗೆ ಕವಳ ತುಂಬಿ, ತೋಟದ ಸುತ್ತ ಹೊರಡುತ್ತಾರೆ. ಪ್ರತಿ ಗೂಟವನ್ನೂ ಒಮ್ಮೆ ನೂಕುವುದು, ಅಲ್ಲಾಡಿದರೆ ಪಕ್ಕಕ್ಕೊಂದು ಆಸರೆ ಗೂಟ ಹೊಡೆಯುವುದು, ಮುಂದಿನ ವರ್ಷ ಆ ಆಸರೆ ಅಲ್ಲಾಡಿದರೆ ಅದಕ್ಕೂ ಇನ್ನೊಂದು ಆಸರೆ. ಅಜ್ಜ, ಮಗ, ಮೊಮ್ಮಗ ಒಂದೇ ಜಗಲಿಯಲ್ಲಿ ಕೂತ ಅವಿಭಕ್ತ ಕುಟುಂಬದ ಹಾಗೆ ಬೇಲಿ ದಪ್ಪವಾಗುತ್ತ ಹೋಗುತ್ತದೆಯೇ ಹೊರತು ಗಟ್ಟಿಯಾಗುವುದಿಲ್ಲ. ಕಟ್ಟಲು ಹಿಂದೆ ಬಳ್ಳಿ ಇತ್ತು. ಈಗ ಸೈಕಲ್ ಟ್ಯೂಬು, ಗೊಬ್ಬರ ಚೀಲದ ದಾರ, ಹಳೆ ಸೀರೆಯ ಅಂಚು. ಕಂಡಿ ದೊಡ್ಡದಾದ ಕಡೆ ಅಡಿಕೆ ದಬ್ಬೆ, ಅದೂ ಸಾಲದಿದ್ದರೆ ಯಾವುದೋ ಕಾಲದ ಮಂಚದ ತಲೆಭಾಗ. ಇದನ್ನು ನೋಡಿದವರೆಲ್ಲ ಮಾವ ಜಿಪುಣ ಎಂದು ತೀರ್ಪು ಕೊಟ್ಟು ಮುಂದೆ ಹೋಗುತ್ತಾರೆ. ಆ ತೀರ್ಪು ತಪ್ಪು ಎಂಬುದು ನನ್ನ ವಾದ. ಮಾವ ಬೇಲಿ ಸರಿಮಾಡುವುದು ದುಡ್ಡು ಉಳಿಸಲಿಕ್ಕಲ್ಲ, ಬೇಲಿ ಎಂದೂ ಪೂರ್ತಿ ಸರಿಯಾಗದಂತೆ ನೋಡಿಕೊಳ್ಳಲಿಕ್ಕೆ.

ಮೊದಲ ಸಾಕ್ಷ್ಯ ಅವರ ತಿಳಿವಳಿಕೆ. ಮರದ ಗೂಟ ತುದಿಯಲ್ಲಿ ಕೊಳೆಯುವುದು ಕಡಿಮೆ, ಆಳದಲ್ಲಿಯೂ ಕಡಿಮೆ, ಕೊಳೆಯುವುದು ನೆಲಮಟ್ಟದಲ್ಲಿ. ತುದಿ ಬೇಗ ಒಣಗುತ್ತದೆ, ಆಳದಲ್ಲಿ ಗಾಳಿ ಸಾಲದು, ನೆಲಮಟ್ಟದಲ್ಲಿ ಮಾತ್ರ ಶಿಲೀಂಧ್ರಕ್ಕೆ ಬೇಕಾದ ನೀರೂ ಗಾಳಿಯೂ ಒಟ್ಟಿಗೆ ಸಿಗುತ್ತವೆ. ಉಳಿದದ್ದನ್ನು ವರಲೆ ಮುಗಿಸುತ್ತದೆ. ಹಾಗಾಗಿಯೇ ಮೇಲೆ ಗಟ್ಟಿಮುಟ್ಟಾಗಿ ಕಾಣುವ ಗೂಟ ಎಮ್ಮೆಯೊಂದು ಮೈ ಉಜ್ಜಿದ್ದೇ ನೆಪವಾಗಿ ಮಲಗಿಬಿಡುತ್ತದೆ. ಇದು ಮಾವನಿಗೆ ಚೆನ್ನಾಗಿ ಗೊತ್ತು. ಚೇಗು ಬಲಿತ ಮರ ಬೇಕು, ತೊಗಟೆ ಸುಲಿದು ಒಣಗಿಸಿ ನೆಡಬೇಕು, ನೀರು ನಿಲ್ಲದಂತೆ ತಲೆಯನ್ನು ಓರೆಯಾಗಿ ಕಡಿಯಬೇಕು, ಬುಡಕ್ಕೆ ಡಾಂಬರು ಬಳಿಯಬೇಕು ಎಂದು ಊರಿನ ಎಳೆಯರಿಗೆಲ್ಲ ಪಾಠ ಹೇಳುವವರು ಅವರೇ. ಇನ್ನೂ ಹುರುಪಿನಲ್ಲಿದ್ದರೆ ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯ ಸೊಂಟಿ ಕಾಮೇಶಂ 1933ರಲ್ಲಿ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಸೇರಿಸಿ ಮರ ಉಳಿಸುವ ದ್ರಾವಣ ಕಂಡುಹಿಡಿದದ್ದು, ಅದು ಅಮೆರಿಕದ ಹಿತ್ತಿಲ ಬೇಲಿಗಳವರೆಗೂ ಹೋದದ್ದು, 2003ರ ಕೊನೆಗೆ ಅಲ್ಲಿನವರು ಆರ್ಸೆನಿಕ್ಕಿಗೆ ಹೆದರಿ ಮನೆಬಳಕೆಯ ಮರಕ್ಕೆ ಅದನ್ನು ಬಿಟ್ಟದ್ದು, ಎಲ್ಲವನ್ನೂ ವಿವರಿಸುತ್ತಾರೆ. ವಿವರಣೆ ಮುಗಿದ ಮೇಲೆ ಅವರು ನೆಡುವುದು ಸೊಪ್ಪಿನಬೆಟ್ಟದಿಂದ ಆಗಷ್ಟೇ ಕಡಿದು ತಂದ, ತೊಗಟೆಯೂ ಸುಲಿಯದ ಹಸಿ ಗೂಟವನ್ನು. ಮರದ ಬಾಳಿಕೆ ಅಳೆಯಲು ವಿಜ್ಞಾನಿಗಳು ಗೂಟಗಳನ್ನು ಸಾಲಾಗಿ ನೆಲದಲ್ಲಿ ಹೂತು ಯಾವುದು ಯಾವಾಗ ಸಾಯುತ್ತದೆ ಎಂದು ಬರೆದಿಡುತ್ತಾರೆ. ಆ ಪದ್ಧತಿಗೆ ಸ್ಮಶಾನ ಪರೀಕ್ಷೆ ಎಂದೇ ಹೆಸರು. ಮಾವನೂ ಅದೇ ಪರೀಕ್ಷೆಯನ್ನು ತೋಟದ ಸುತ್ತ ನಡೆಸುತ್ತಿದ್ದಾರೆ, ಬರೆದಿಡುವುದೊಂದನ್ನು ಬಿಟ್ಟು.

ಪಾಪ, ಕೈ ಬಿಗಿ ಇರಬಹುದು ಎನ್ನುವವರಿದ್ದಾರೆ. ಕಲ್ಲು ಕಂಬಕ್ಕೂ ತಂತಿಗೂ ಒಮ್ಮೆಲೇ ದುಡ್ಡು ಸುರಿಯುವುದು ಸಣ್ಣ ಹಿಡುವಳಿದಾರರಿಗೆ ಕಷ್ಟ ಎಂಬುದು ನಿಜವೇ. ಆದರೆ ಅಂಥವರು ಬೇಲಿ ಮಾವ ಆಗುವುದಿಲ್ಲ. ಅವರು ಬೇಲಿ ಮುರಿದಾಗ ಬೈದುಕೊಂಡು ಕಟ್ಟಿ ಮುಗಿಸುತ್ತಾರೆ. ಬೇಲಿ ಮಾವನ ಕೊಟ್ಟಿಗೆಯ ಹಿಂದೆ ನೋಡಿ: ಯಾವುದೋ ಒಳ್ಳೆಯ ಧಾರಣೆಯ ವರ್ಷ ತರಿಸಿದ ಕಲ್ಲು ಕಂಬಗಳು ಪಾಚಿ ಕಟ್ಟಿ ಮಲಗಿರುತ್ತವೆ. ಕೇಳಿದರೆ ‘ಆಳು ಸಿಗಲಿ ಮಾರಾಯಾ’ ಎನ್ನುತ್ತಾರೆ. ಆಳು ಸಿಕ್ಕ ದಿನ ಅವನಿಂದ ಹಳೆ ಬೇಲಿಗೇ ಆಸರೆ ಹೊಡೆಸುತ್ತಾರೆ. ವರ್ಷವರ್ಷವೂ ಕೊಡುವ ಆ ಕೂಲಿಯನ್ನು ಕೂಡಿಸಿದರೆ ಉಳಿತಾಯದ ಮಾತು ನಿಲ್ಲುವುದಿಲ್ಲ. ಇನ್ನು ಪರಿಸರದ ವಾದ. ಮರದ ಗೂಟ ಕೊಳೆತು ಮಣ್ಣಾಗುತ್ತದೆ, ಸಿಮೆಂಟು ಆಗುವುದಿಲ್ಲ, ಒಪ್ಪಿದೆ. ಆದರೆ ಹಸಿರೇ ಮುಖ್ಯವಾಗಿದ್ದರೆ ಗೊಬ್ಬರದ ಗಿಡದ ಕೋಲನ್ನು ಮೊದಲ ಮಳೆಗೆ ಊರಿದರೆ ಸಾಕು. ಅದು ಬೇರು ಬಿಟ್ಟು ತಾನೇ ಗೂಟವಾಗುತ್ತದೆ, ಮೇಲಿಂದ ತೋಟಕ್ಕೆ ಸೊಪ್ಪನ್ನೂ ಕೊಡುತ್ತದೆ. ಲಕ್ಕಿ ಗಿಡವಾದರೆ ದನ ಬಾಯಿ ಹಾಕುವುದೇ ಇಲ್ಲ. ಜೀವಂತ ಬೇಲಿಯ ದೋಷ ಒಂದೇ, ಅದು ಬೀಳುವುದಿಲ್ಲ. ಬೀಳದ ಬೇಲಿಯಿಂದ ಮಾವನಿಗೇನು ಪ್ರಯೋಜನ?

ಕಾಡುಕೋಣ ಬಂದರೆ ಕಲ್ಲು ಕಂಬವೂ ಉಳಿಯುವುದಿಲ್ಲ, ಮಂಗಕ್ಕಂತೂ ಬೇಲಿಯೇ ಲೆಕ್ಕಕ್ಕಿಲ್ಲ, ಹೀಗಿರುವಾಗ ತಾತ್ಕಾಲಿಕ ಬೇಲಿಯೇ ಜಾಣತನವಲ್ಲವೇ ಎಂದು ಕೇಳುವವರ ಪ್ರಶ್ನೆಗೆ ತೂಕವಿದೆ. ಇದಕ್ಕೆ ಉತ್ತರ ಸೋಲಾರ್ ಬೇಲಿಯಿಂದಲೇ ಸಿಗುತ್ತದೆ. ಬೆಂಗಳೂರಿನಲ್ಲಿರುವ ಮಗ ಹಟ ಹಿಡಿದು ಅದನ್ನು ಹಾಕಿಸಲು ಬಂದಾಗ ಮಾವ ಜಗಳ ಆಡುತ್ತಾರೆ ಎಂದು ಮನೆಯವರೆಲ್ಲ ಕಾಯುತ್ತಾರೆ. ಮಾವ ಸಂತೋಷದಿಂದ ಒಪ್ಪಿಕೊಳ್ಳುತ್ತಾರೆ. ಕಾರಣ ಸರಳ: ಆ ತಂತಿಗೆ ಒಂದು ಹಸಿ ಬಳ್ಳಿ ತಾಗಿದರೂ ಕರೆಂಟು ನೆಲಕ್ಕೆ ಸೋರಿ ಝಟಕಾ ಸಪ್ಪೆಯಾಗುತ್ತದೆ, ಆದ್ದರಿಂದ ಅದರ ಕೆಳಗಿನ ಕಳೆ ಸವರುತ್ತಲೇ ಇರಬೇಕು. ವರ್ಷಕ್ಕೊಮ್ಮೆ ಇದ್ದ ಪ್ರದಕ್ಷಿಣೆ ದಿನಕ್ಕೆರಡಾಗುತ್ತದೆ. ತರಿಸಿಟ್ಟ ಕಲ್ಲು ಕಂಬವನ್ನು ನೆಡಿಸದವರು ಬ್ಯಾಟರಿಗೆ ದುಡ್ಡು ಹೊಂದಿಸುತ್ತಾರೆ. ಅವರ ಲೆಕ್ಕ ಯಾವತ್ತೂ ದುಡ್ಡಿನದಾಗಿರಲಿಲ್ಲ ಎನ್ನಲು ಇದಕ್ಕಿಂತ ಪುರಾವೆ ಬೇಕಿಲ್ಲ. ಆ ತಂತಿಯನ್ನೂ ಅವರು ಕಟ್ಟಿಸಿರುವುದು ಅದೇ ಅಲ್ಲಾಡುವ ಗೂಟಗಳಿಗೆ ಎಂಬುದನ್ನು ಬೇರೆ ಹೇಳಬೇಕಿಲ್ಲ.

ಹಾಗಾದರೆ ಲೆಕ್ಕ ಯಾವುದು? ಗಟ್ಟಿ ಬೇಲಿ ಹಾಕಿದವನಿಗೆ ಗಡಿಯ ಕೆಲಸ ಅಂದೇ ಮುಗಿಯಿತು. ಆ ಮೇಲೆ ಅಲ್ಲಿ ಸುಳಿದಾಡಲು ನೆಪವಿಲ್ಲ. ಹುಳುಕು ಬೇಲಿಯವರಿಗೆ ಗಡಿಯಲ್ಲಿ ಸದಾ ಕೆಲಸ. ಪಕ್ಕದವರ ಕೊನೆ ಎಷ್ಟು ಇಳಿದಿದೆ, ಕೊಳೆ ಎಷ್ಟು ಮರಕ್ಕೆ ಹತ್ತಿದೆ, ಉಣುಗೋಲು ದಾಟಿ ಯಾರ ಬೈಕು ಹೋಯಿತು ಎಂಬುದೆಲ್ಲ ಗೂಟ ಹೊಡೆಯುವಾಗ ತಾನಾಗಿ ಕಣ್ಣಿಗೆ ಬೀಳುತ್ತದೆ. ದನ ನುಗ್ಗಿದರೆ ತಪ್ಪು ದನದ್ದೇ, ಬೇಲಿಯದ್ದಲ್ಲ. ಇದೆಲ್ಲ ನಿರಪಾಯದ ಸುಖ, ಯಾರೂ ಆಕ್ಷೇಪಿಸಬೇಕಿಲ್ಲ. ಆಕ್ಷೇಪಿಸಬೇಕಾದದ್ದು ಗುಂಡಿಯನ್ನು. ಗೂಟ ಮುರಿದಾಗ ಮಾವ ಹೊಸದನ್ನು ಹಳೆ ಗುಂಡಿಯಲ್ಲಿ ನೆಡುವುದಿಲ್ಲ. ಅಲ್ಲಿ ಕೊಳೆತ ಬುಡವಿದೆ, ವರಲೆ ಇದೆ ಎನ್ನುತ್ತಾರೆ. ಮಾತು ಸರಿ. ಹಾಗಾಗಿ ಒಂದು ಗೇಣು ಪಕ್ಕಕ್ಕೆ. ಆ ಪಕ್ಕ ಎಂಬುದು ತಪ್ಪದೆ ನೆರೆಯವರ ಕಡೆಗೇ ಏಕಿರುತ್ತದೆ ಎಂಬುದಕ್ಕೆ ಯಾವ ಮರವಿಜ್ಞಾನದಲ್ಲೂ ಉತ್ತರವಿಲ್ಲ. 1963ರ ಕಾಲಮಿತಿ ಕಾಯ್ದೆಯನ್ನು ಮಾವ ಓದಿಲ್ಲ, ಆದರೆ ಅದರೊಳಗಿನ 12 ವರ್ಷ ಎಂಬುದು ಅವರಿಗೆ ಬಾಯಿಪಾಠ. ವರ್ಷ ಹತ್ತಾಗಿ ಹದಿನೈದಾಗುವಷ್ಟರಲ್ಲಿ ಒಂದು ಸಾಲು ಅಡಿಕೆ ಗಿಡಕ್ಕೆ ಜಾಗ ಬರುತ್ತದೆ, ಒಮ್ಮೆಯೂ ಯಾರೂ ಬೇಲಿಯನ್ನು ಕಿತ್ತು ಸರಿಸಿದ್ದಿಲ್ಲ, ರಿಪೇರಿ ಮಾಡಿದ್ದಷ್ಟೇ.

ನಿಮ್ಮ ತೋಟ ಇಂಥ ಮಾವನ ತೋಟಕ್ಕೆ ತಾಗಿಕೊಂಡಿದ್ದರೆ ಜಗಳಕ್ಕೆ ಹೋಗಬೇಡಿ. ಮಾತಿನಲ್ಲಿ ಗೆಲ್ಲುವುದಿಲ್ಲ, ಮೇಲಾಗಿ ಅವರು ಕವಳ ಕೊಟ್ಟು ಕೂರಿಸುತ್ತಾರೆ. ಬೇಸಿಗೆಯಲ್ಲಿ ಹದ್ದುಬಸ್ತಿಗೆ ಅರ್ಜಿ ಕೊಡಿ. ಸರ್ವೆಯವರು ಬಂದ ದಿನ ಮಾವನನ್ನು ಮರೆಯದೆ ಜೊತೆಗೆ ಕರೆದುಕೊಳ್ಳಿ. ಬಾಂದು ಕಲ್ಲು ಎಲ್ಲಿದೆ ಎಂದು ಊರಿನಲ್ಲಿ ಸರಿಯಾಗಿ ಗೊತ್ತಿರುವುದು ಅವರೊಬ್ಬರಿಗೇ, ಅದರ ಮೇಲೆ ಗೊಬ್ಬರದ ಗಿಡ ನೆಟ್ಟವರು ಅವರೇ ಆದ್ದರಿಂದ.