ಚಪ್ಪಲಿ ತಿಂದವನ ಅಂಗಾಲು

ಏಪ್ರಿಲ್ ಹೊತ್ತಿಗೆ ನಮ್ಮ ಬೋರ ಏಳು ಚಪ್ಪಲಿ ತಿಂದಿದ್ದ. ಏಳು ಜೊತೆ ಅಲ್ಲ, ಏಳು ಚಪ್ಪಲಿ, ಏಳೂ ಎಡಗಾಲಿನವು. ಹೀಗಾಗಿ ಮಂಚದ ಕೆಳಗೆ ಏಳು ಬಲಗಾಲಿನ ಚಪ್ಪಲಿಗಳು ವಿಧುರರಂತೆ ಬಿದ್ದುಕೊಂಡಿವೆ. ಇಂಥ ನಾಯಿಗೆ ಬರಿಗಾಲಲ್ಲಿ ನಡೆದು ಅಂಗಾಲು ಸುಟ್ಟುಕೊಳ್ಳುವ ಗತಿ ಬಂದದ್ದನ್ನು ನಾನು ಕರ್ಮಫಲ ಎಂದೆ. ಹೆಂಡತಿ, "ಅಲ್ಲ ರೀ, ನಿಮ್ಮ ಬುದ್ಧಿಗೇಡಿತನ" ಎಂದಳು.

ಅವಳ ಮಾತೇ ಸರಿ. ದಾವಣಗೆರೆಯ ಬೇಸಿಗೆ, ಭಾನುವಾರ, ಸೂರ್ಯ ನೆತ್ತಿಯ ಮೇಲೆ. ಬೆಣ್ಣೆ ದೋಸೆ ಪಾರ್ಸೆಲ್ ತರಲು ಹೊರಟವನು ಬೋರನನ್ನೂ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ಅವನು ಒಂದೊಂದೇ ಕಾಲು ಎತ್ತೆತ್ತಿ ಇಡುತ್ತಿದ್ದ. ದೋಸೆಯ ಸಂಭ್ರಮಕ್ಕೆ ಕುಣಿಯುತ್ತಿದ್ದಾನೆ ಅಂದುಕೊಂಡೆ. ಟಾರು ರಸ್ತೆ ಕಾದ ಕಾವಲಿಯಾಗಿತ್ತು. ನನ್ನ ಕಾಲಲ್ಲಿ ಎಂಟನೆಯ ಜೊತೆ ಚಪ್ಪಲಿ ಇತ್ತಲ್ಲ, ಗೊತ್ತಾಗಲಿಲ್ಲ.

ಮನೆಗೆ ಬಂದು ಬೋರ ದೋಸೆಗೆ ಬೆನ್ನು ಹಾಕಿ ಮಲಗಿದಾಗ ಗಾಬರಿಯಾಯಿತು. ನಾಯಿಯ ಪಾದವನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅವತ್ತೇ. ಬೆರಳಿಗೊಂದರಂತೆ ನಾಲ್ಕು ಪುಟ್ಟ ಮೆತ್ತೆ, ಅವುಗಳ ಹಿಂದೆ ದೊಡ್ಡದೊಂದು, ಮುಂಗಾಲಿನ ಮಣಿಕಟ್ಟಿನ ಹತ್ತಿರ ಮತ್ತೊಂದು. ದೊಡ್ಡ ಮೆತ್ತೆಯ ಅಂಚಿನಲ್ಲಿ ಬೊಬ್ಬೆ ಎದ್ದು ಒಡೆದು, ಕಪ್ಪಿನ ನಡುವೆ ಹಸಿ ಕೆಂಪು ಕಾಣುತ್ತಿತ್ತು. ತಣ್ಣೀರು ಹುಯ್ದೆವು. ಪಕ್ಕದ ಮನೆಯ ಅಜ್ಜಿ, "ಅರಿಶಿನ ಹಚ್ಚು ತಮ್ಮಾ" ಎಂದರು. ಹಚ್ಚಿದೆ. ಎರಡೇ ನಿಮಿಷಕ್ಕೆ ಬೋರ ಹಳದಿ ನಾಲಿಗೆ ಚಾಚಿಕೊಂಡು ಕೂತಿದ್ದ.

"ನಮ್ಮ ನಿಮ್ಮ ನೋವಿನ ಮಾತ್ರೆ ಏನೂ ಕೊಟ್ಟಿಲ್ಲ ತಾನೇ ಸಾರ್?" ಎಂಬುದು ಪಶುವೈದ್ಯರ ಮೊದಲ ಪ್ರಶ್ನೆ. ನಾವು ನುಂಗುವ ಐಬುಪ್ರೊಫೆನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣೆಬ್ಬಿಸಿ ಮೂತ್ರಪಿಂಡವನ್ನೂ ಕೆಡಿಸುತ್ತದಂತೆ. ಸಲೈನ್‌ನಲ್ಲಿ ತೊಳೆದು, ಮುಲಾಮು ಸವರಿ, ಬೆರಳ ಸಂದಿಗೆ ಹತ್ತಿ ಇಟ್ಟು ಪಟ್ಟಿ ಕಟ್ಟಿದರು. ನಾಯಿ ಬೆವರುವುದು ಅಂಗಾಲಿನಲ್ಲಿ. ಪಟ್ಟಿ ಒಳಗಿಂದಲೇ ಒದ್ದೆಯಾಗುತ್ತದೆ, ದಿನಾ ಬದಲಿಸಬೇಕು. ಬಿಗಿದು ಕಟ್ಟಿದರೆ ಬೆರಳು ಊದಿಕೊಳ್ಳುತ್ತದೆ.

ಬದಲಿಸಿ ಎಂದು ಹೆಂಡತಿ ನನಗೆ ಹೇಳಿದಳು, ನಾನು ಮಗನಿಗೆ ಹೇಳಿದೆ. ಗಾದೆಯ ಪ್ರಕಾರ ಮುಂದೆ ನಾಯಿ ತನ್ನ ಬಾಲಕ್ಕೆ ಹೇಳಬೇಕಿತ್ತು. ಬೋರ ಹೇಳಲಿಲ್ಲ, ಹಲ್ಲಿನಿಂದ ತಾನೇ ಬಿಚ್ಚಿ, ಮುಲಾಮನ್ನು ಬೆಣ್ಣೆಯೆಂದೇ ತಿಳಿದು ನೆಕ್ಕಿದ. ಅಂದಿನಿಂದ ಕೊರಳಿಗೆ ಪ್ಲಾಸ್ಟಿಕ್ಕಿನ ದೊಡ್ಡ ಆಲಿಕೆ ಬಂತು. ಹಳೇ ರೆಕಾರ್ಡುಗಳ ಮೇಲೆ ಗ್ರಾಮಫೋನಿನ ಮುಂದೆ ಕೂತ ನಾಯಿಯನ್ನು ನೋಡಿದ್ದೀರಲ್ಲ, ನಮ್ಮ ಮನೆಯಲ್ಲಿ ನಾಯಿ ಗ್ರಾಮಫೋನಿನೊಳಗೇ ಕೂತಿತ್ತು. ಪಟ್ಟಿಯ ಮೇಲೆ ಮಗನ ಶಾಲೆಯ ಕಾಲುಚೀಲ, ಹೊರಗೆ ಹೊರಟರೆ ಅದರ ಮೇಲೊಂದು ಹಾಲಿನ ಕವರು. ಚರಪರ ಸದ್ದು ಮಾಡುತ್ತಾ ಮೂರೂವರೆ ಕಾಲಲ್ಲಿ ಬರುವ ಈ ಪ್ರಾಣಿಯನ್ನು ಕಂಡು, ಅಂಗಡಿ ಮುಂದಿನ ಬೀದಿನಾಯಿಗಳು ಬೊಗಳುವುದನ್ನೇ ಮರೆತವು.

ಹದಿನೇಳನೆಯ ದಿನ ಬೆಳಿಗ್ಗೆ ಬಾಗಿಲ ಬಳಿ ನನ್ನ ಬಲಗಾಲಿನ ಚಪ್ಪಲಿ ಒಂದೇ ಇತ್ತು. ನಾಯಿ ಹುಷಾರಾಗಿದೆ ಎಂದು ಡಾಕ್ಟರಿಗೆ ಫೋನು ಮಾಡಿದೆ.

ನಿಮ್ಮಲ್ಲೂ ನಾಯಿಯಿದ್ದರೆ, ಬೇಸಿಗೆಯಲ್ಲಿ ಹೊರಡುವ ಮುಂಚೆ ಅಂಗೈಯ ಹಿಂಬದಿಯನ್ನು ರಸ್ತೆಗೆ ಒತ್ತಿ ಏಳರವರೆಗೆ ಎಣಿಸಿ. ಅವತ್ತು ಮಧ್ಯಾಹ್ನ ನಾನೂ ಎಣಿಸಿದೆ. ಮೂರಕ್ಕೇ ಕೈ ಎತ್ತಿಕೊಂಡೆ.