ಫಾಯದಾ–ಲುಕ್ಸಾನ ರಾಯರು

ಪುಣೆಯ ಶಿವಾಜಿನಗರದಲ್ಲಿ ದೀಪಾವಳಿಯ ಆಕಾಶಬುಟ್ಟಿಗಳು ಇನ್ನೂ ಮೇಲೇರಿರುವುದಿಲ್ಲ, ಆಗಲೇ ಶಾಲೆಗಳ ಗೇಟಿನೆದುರು ಒಂದು ಬಗೆಯ ಅಪ್ಪಂದಿರು ಕಾಣಿಸಿಕೊಳ್ಳುತ್ತಾರೆ. ಮಗುವಿಗೆ ಶಾಲೆ ಶುರುವಾಗುವುದು ಮುಂದಿನ ಜೂನಿನಲ್ಲಿ. ಇವರು ಒಳಗೆ ಹೋಗುವುದಿಲ್ಲ. ಬಸ್ಸುಗಳನ್ನು ಎಣಿಸುತ್ತಾರೆ, ಕಾಂಪೌಂಡಿನ ಎತ್ತರ ನೋಡುತ್ತಾರೆ, ಶಾಲೆ ಬಿಟ್ಟಾಗ ಹೊರಬರುವ ಮಕ್ಕಳ ಮುಖದಲ್ಲಿ ಇಂಗ್ಲಿಷ್ ಎಷ್ಟಿದೆ ಎಂದು ಹುಡುಕುತ್ತಾರೆ. ವಾಚಮನ್ ಬಂದು ಏನು ಬೇಕೆಂದು ಕೇಳಿದರೆ, 'ಏನಿಲ್ಲ, ಸುಮ್ಮನೆ' ಎಂದು ಎರಡು ಹೆಜ್ಜೆ ಸರಿದು ನಿಲ್ಲುತ್ತಾರೆ.

ಇವರಲ್ಲಿ ನನಗೆ ಚೆನ್ನಾಗಿ ಗೊತ್ತಿರುವವರು ಒಬ್ಬರು. ಇಂಡಿ ತಾಲೂಕಿನ ಊರೊಂದರ ಸರಕಾರಿ ಕನ್ನಡ ಗಂಡು ಮಕ್ಕಳ ಶಾಲೆಯಲ್ಲಿ ಕಲಿತು, ಪುಣೆಗೆ ಬಂದು, ಕಂಪನಿ ಸೇರಿ, ಮಾಡೆಲ್ ಕಾಲನಿಯ ಹತ್ತಿರ ಮನೆ ಮಾಡಿದವರು. ಎದುರಿಗೆ ಎಲ್ಲರೂ ರಾಯರು ಎನ್ನುತ್ತೇವೆ. ಬೆನ್ನ ಹಿಂದೆ ಫಾಯದಾ–ಲುಕ್ಸಾನ ರಾಯರು. ಕಾರಣ ಅವರ ವಹಿ. ಮೊದಲ ಪುಟದ ತಲೆಯಲ್ಲಿ 'ಶ್ರೀ', ಅಲ್ಲಿಂದ ಮುಂದೆ ಪ್ರತಿ ಪುಟಕ್ಕೂ ನಡುವೆ ಒಂದು ಗೆರೆ; ಎಡಕ್ಕೆ ಫಾಯದಾ, ಬಲಕ್ಕೆ ಲುಕ್ಸಾನ. ಹಿಂದೆ ಫ್ರಿಜ್ಜು ಕೊಳ್ಳುವಾಗಲೂ ಇಂಥದೇ ವಹಿ ತೆರೆದಿದ್ದರು. ಲೆಕ್ಕ ಮುಗಿಯುವಷ್ಟರಲ್ಲಿ ಬೇಸಿಗೆ ಮುಗಿದಿತ್ತು.

ಶಾಲೆಯ ವಹಿ ಶುರುವಾದಾಗ ಮಗಳಿಗೆ ಸರಿಯಾಗಿ ಮಾತು ಕೂಡ ಬಂದಿರಲಿಲ್ಲ. ಈಜುಕೊಳ ಇದೆ: ಫಾಯದಾ. ಅದರಲ್ಲಿ ನೀರಿದೆ: ಲುಕ್ಸಾನ. ಏಸಿ ಕ್ಲಾಸು: ಫಾಯದಾ. ನೆಗಡಿ: ಲುಕ್ಸಾನ. ದೊಡ್ಡವರ ಮಕ್ಕಳ ಪರಿಚಯ: ಫಾಯದಾ. ಆ ಮಕ್ಕಳ ಹುಟ್ಟುಹಬ್ಬಕ್ಕೆ ಒಯ್ಯಬೇಕಾದ ಗಿಫ್ಟು: ಲುಕ್ಸಾನ. ಆ ವರ್ಷ ಡಿಸೆಂಬರ್ 31ರ ಒಳಗೆ ಆರು ತುಂಬುವ ಮಗುವಿಗೆ ಮಹಾರಾಷ್ಟ್ರದಲ್ಲಿ ಒಂದನೆಯ ಇಯತ್ತೆ ಸಿಗುತ್ತದೆ. ರಾಯರ ಮಗಳು ಹುಟ್ಟಿದ್ದು ಜನವರಿ ಎರಡಕ್ಕೆ. 'ಎರಡು ದಿನಕ್ಕ ಒಂದು ವರ್ಷ ಲುಕ್ಸಾನ' ಎಂದು ಕೆಂಪು ಶಾಯಿಯಲ್ಲಿ ಬರೆದು, ಹೆಂಡತಿಗೆ ತೋರಿಸಿದರು. ಆಕೆ ವಹಿ ನೋಡಲಿಲ್ಲ, ಗಂಡನ ಮುಖ ನೋಡಿದರು.

ಬೋರ್ಡಿನ ಚಿಂತೆ ಬೇರೆ. ರಾಜ್ಯದ ಎಸ್ಸೆಸ್ಸಿ ಬೋರ್ಡಿನ ಮುಖ್ಯ ಕಚೇರಿ ಇವರದೇ ಶಿವಾಜಿನಗರದಲ್ಲಿದೆ, ಹಳೆಯ ಭಾಂಬುರ್ಡಾದಲ್ಲಿ, ಆಗರಕರ ಸಂಶೋಧನ ಸಂಸ್ಥೆಯ ಹಿಂದೆ. ಬೆಳಗಿನ ವಾಕಿಂಗಿನಲ್ಲಿ ಅದನ್ನು ದಾಟುವಾಗ ರಾಯರಿಗೆ ಒಂದು ಥರದ ಸಂಕೋಚ, ಏಕೆಂದರೆ ಅವರ ಮನಸ್ಸು ಸಿಬಿಎಸ್ಸಿ ಕಡೆ ಇದೆ. ಸೇನಾಪತಿ ಬಾಪಟ್ ರಸ್ತೆಯ ಬಾಲಭಾರತಿಯ ಮುಂದೆಯಂತೂ ಒಂದು ದಿನ ನಿಂತೇಬಿಟ್ಟರು. 1967ರಲ್ಲಿ ಶುರುವಾದ ಈ ಪಠ್ಯಪುಸ್ತಕ ಮಂಡಳ ಕನ್ನಡದಲ್ಲೂ ಪುಸ್ತಕ ತರುತ್ತದೆ ಎಂದು ಯಾರೋ ಹೇಳಿದ್ದರು. 'ನಮ್ಮ ಜತ್ತ, ಅಕ್ಕಲಕೋಟಿ ಹುಡುಗೂರು ಓದೂ ಕನ್ನಡ ಪುಸ್ತಕ ಇಲ್ಲೇ ತಯಾರಾಗ್ತಾವಂತ್ರೀ!' ಎಂದು ನನಗೆ ಫೋನ್ ಮಾಡಿದರು. ಹೆಮ್ಮೆಯಿಂದ ಫಾಯದಾ ಕಡೆ ಬರೆದರು. ತಮ್ಮ ಮಗಳು ಆ ಪುಸ್ತಕ ಮುಟ್ಟುವುದಿಲ್ಲ ಎಂಬುದು ರಾತ್ರಿ ಹೊಳೆದು, ಎದ್ದು ಹೋಗಿ ಕಾಟು ಹಾಕಿದರು.

ಭಾನುವಾರದ ಚರ್ಚೆ ಫರ್ಗ್ಯುಸನ್ ರಸ್ತೆಯ ವೈಶಾಲಿಯಲ್ಲಿ. ಅದು ನಮ್ಮ ಕರಾವಳಿಯಿಂದ ಬಂದ ಜಗನ್ನಾಥ ಶೆಟ್ಟರು ಬೆಳೆಸಿದ ಹೋಟೆಲ್ಲು. ಟೇಬಲ್ ಸಿಗಲು ಹೆಸರು ಬರೆಸಿ ಕಾಯಬೇಕು, ಆ ಹೊತ್ತಿನಲ್ಲಿ ಎರಡು ಶಾಲೆಗಳ ವಿಚಾರಣೆಯಾದರೂ ಮುಗಿಯುತ್ತದೆ. ಕೂತ ಮೇಲೆ ಗೆಳೆಯರೊಬ್ಬರು, 'ಕನ್ನಡ ಸಂಘದ ಕಲ್ಮಾಡಿ ಶಾಮರಾವ್ ಹೈಸ್ಕೂಲು ಐತಲ್ರೀ, ಗಣೇಶನಗರದಾಗ, ನಮ್ಮವರು ಕಟ್ಟಿದ್ದು' ಎಂದರು. ಪ್ರತಿ ನವೆಂಬರ್ ಒಂದಕ್ಕೆ ಎಲ್ಲರಿಗಿಂತ ಗಟ್ಟಿಯಾಗಿ ಜೈಕಾರ ಹಾಕುವವರು ರಾಯರೇ. ಅಭಿಮಾನದ ಮೇಲೆ ಇಡೀ ಪುಟ ಫಾಯದಾ ತುಂಬಿಸಿದರು. ಬಲಕ್ಕೆ ಒಂದೇ ಒಂದು ಶಬ್ದ ಬಿತ್ತು: ಟ್ರಾಫಿಕ್. ಅಭಿಮಾನ ಸೋತಿತು.

ಇನ್ನೊಬ್ಬರು ಪಾಲಿಕೆ ಶಾಲೆಯ ಪಕ್ಷ ಹಿಡಿದರು. ಮನೆಗೆ ಹತ್ತಿರ, ಫೀ ಇಲ್ಲ, ಮಧ್ಯಾಹ್ನದ ಊಟ ಇದೆ. ರಾಯರು ದೋಸೆ ಬದಿಗಿಟ್ಟು ಇತಿಹಾಸ ತೆಗೆದರು. 1880ರಲ್ಲಿ ಚಿಪಳೂಣಕರರೂ ತಿಲಕರೂ ಸೇರಿ ಪುಣೆಯಲ್ಲಿ ನ್ಯೂ ಇಂಗ್ಲಿಷ್ ಸ್ಕೂಲ್ ತೆರೆದರು, ಆಗರಕರರೂ ಬಂದು ಸೇರಿದರು. ಅದರಿಂದ 1884ರಲ್ಲಿ ಡೆಕ್ಕನ್ ಎಜುಕೇಶನ್ ಸೊಸೈಟಿ, ಮರುವರ್ಷ ಫರ್ಗ್ಯುಸನ್ ಕಾಲೇಜು, ನಮ್ಮ ಬೇಂದ್ರೆಯವರು ಓದಿದ್ದೂ ಅಲ್ಲೇ. 'ಅಂದಮ್ಯಾಲೆ ಲೋಕಮಾನ್ಯರು ಯಾರು? ಖಾಸಗಿ ಶಾಲಿ ಮಾಸ್ತರು!'

ಅಲ್ಲಿಯವರೆಗೆ ಸುಮ್ಮನೆ ಕಾಫಿ ಕುಡಿಯುತ್ತಿದ್ದ ಅವರ ಹೆಂಡತಿ ಲೋಟ ಇಟ್ಟರು. 'ಅವರು ಕಡಿಮಿ ಪಗಾರ ತಗೊಂಡು ಕಡಿಮಿ ಫೀಗೆ ಕಲಸ್ತಿದ್ರು. ಇಲ್ಲೂ ಪಗಾರ ಕಡಿಮಿನ ಅದ ರೀ. ಫೀ ಒಂದ ಮರತಾರ.'

ಕಾಯ್ದೆ ರಾಯರಿಗೆ ಬಾಯಿಪಾಠ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಪ್ರವೇಶಕ್ಕೆ ಮಗುವನ್ನಾಗಲಿ ಪೋಷಕರನ್ನಾಗಲಿ ಪರೀಕ್ಷಿಸುವಂತಿಲ್ಲ. ಮೊದಲ ತಪ್ಪಿಗೆ 25 ಸಾವಿರದವರೆಗೆ ದಂಡ, ಆಮೇಲೆ ಪ್ರತಿ ಸಲಕ್ಕೆ 50 ಸಾವಿರದವರೆಗೆ. ಇದನ್ನು ಅವರು ಬಸ್ಸಿನಲ್ಲಿ ಪಕ್ಕ ಕೂತವರಿಗೂ ಹೇಳುತ್ತಾರೆ. ಶಾಲೆಯವರು ಅದಕ್ಕೇ 'ಇಂಟರ್ವ್ಯೂ' ಎನ್ನುವುದಿಲ್ಲ, 'ಸುಮ್ಮನೆ ಒಂದು ಇಂಟರಾಕ್ಷನ್' ಎನ್ನುತ್ತಾರೆ. ಕರೆ ಬಂದ ದಿನ ಕಾಯ್ದೆ ಮನೆಯಲ್ಲೇ ಉಳಿಯಿತು. ರಾಯರು ಬೂಟಿಗೆ ಪಾಲೀಶು ಹಚ್ಚಿ, ಮಗಳಿಗೆ ಬಣ್ಣ, ಪ್ರಾಣಿ, ಹಣ್ಣು ಎಲ್ಲ ಇಂಗ್ಲಿಷಿನಲ್ಲಿ ಉರು ಹೊಡೆಸಿ ಒಯ್ದರು. ಅಲ್ಲಿಯ ಮೇಡಮ್ಮು ಮಗಳನ್ನು ಏನೂ ಕೇಳಲಿಲ್ಲ. 'ನಿಮ್ಮ ಪೇರೆಂಟಿಂಗ್ ಫಿಲಾಸಫಿ ಏನು ಸರ್?' ಎಂದರು. ರಾಯರು ಹೆದರಿ, 'ರೆಡ್' ಎಂದರು ಎಂಬುದು ಹೆಂಡತಿಯ ಹೇಳಿಕೆ. ರಾಯರು ಒಪ್ಪುವುದಿಲ್ಲ.

ಖಾಸಗಿ ಶಾಲೆಯ ನಾಲ್ಕರಲ್ಲೊಂದು ಸೀಟು ಬಡ ಮಕ್ಕಳಿಗೆ ಮೀಸಲು. ಇದನ್ನು ರಾಯರು ಎಡಕ್ಕೂ ಬರೆದರು, ಬಲಕ್ಕೂ ಬರೆದರು. ಎಡಕ್ಕೆ ಬರೆದದ್ದನ್ನು ನಮಗೆಲ್ಲ ಓದಿ ತೋರಿಸಿದರು. ಬಲಕ್ಕೆ ಬರೆದದ್ದನ್ನು ಅಂಗೈಯಿಂದ ಮುಚ್ಚಿಕೊಂಡರು. ಇಂಥ ವಹಿ ಇಡುವ ಬಹಳ ಅಪ್ಪಂದಿರ ಅಂಗೈ ಅಲ್ಲೇ ಇರುತ್ತದೆ. 2024ರ ಫೆಬ್ರುವರಿಯಲ್ಲಿ ಸರಕಾರ, ಒಂದು ಕಿಲೋಮೀಟರಿನೊಳಗೆ ಸರಕಾರಿ ಇಲ್ಲವೆ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಗೆ ಈ ಮೀಸಲು ಬೇಡ ಎಂದು ನಿಯಮ ತಿದ್ದಿತು. ರಾಯರು ಎರಡೂ ಕಡೆ ಕಾಟು ಹಾಕಿದರು. ಜುಲೈಯಲ್ಲಿ ಮುಂಬೈ ಹೈಕೋರ್ಟು ಆ ತಿದ್ದುಪಡಿ ರದ್ದು ಮಾಡಿತು; ಎರಡೂ ಕಡೆ ಮತ್ತೆ ಬರೆದರು. 2025ರ ಏಪ್ರಿಲ್‌ನಲ್ಲಿ ಒಂದನೆಯ ಇಯತ್ತೆಯಿಂದಲೇ ಹಿಂದಿ ಎಂದು ಆದೇಶ ಹೊರಟಾಗ ಒಂದು ಪುಟ, ಜೂನ್ ಕೊನೆಗೆ ಸರಕಾರ ಹಿಂದೆ ಸರಿದಾಗ ಇನ್ನೊಂದು ಪುಟ. ಸರಕಾರಗಳಿಗೆ ಗೊತ್ತಿಲ್ಲ, ಅವು ತಿದ್ದುವುದು ಬರೀ ನಿಯಮಗಳನ್ನಲ್ಲ, ರಾಯರ ವಹಿಯನ್ನೂ.

ಆ ಹೊತ್ತಿಗೆ ಊರಿಂದ ಅವರ ಅವ್ವ ಬಂದರು. ಮಗ ವಹಿ ಹಿಡಿದು ಕೂತಿದ್ದನ್ನು ನೋಡಿದರು.

'ಅಕ್ಕೋರು ಹ್ಯಾಂಗದಾರಪಾ?'

ರಾಯರು ಪುಟ ತಿರುವಿದರು. ಈಜುಕೊಳದ ಆಳ ಇತ್ತು, ಸಿಸಿಟಿವಿಗಳ ಸಂಖ್ಯೆ ಇತ್ತು, ಬಸ್ಸಿನ ಸೀಟಿನ ರೆಕ್ಸಿನ್ನಿನ ಬಣ್ಣ ಇತ್ತು.

'ಮೂವತ್ತು ಹುಡುಗೂರಿಗೆ ಒಬ್ರು ಇರಬೇಕಂತ ಕಾಯ್ದೆದಾಗ ಐತಿ, ಯವ್ವಾ.'

'ಹೌದು, ಆ ಒಬ್ರು ಯಾರು?'

ಇಡೀ ವಹಿಯಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಕಲಿಸುವವರಿಗೆ ಸಂಬಳ ಎಷ್ಟು, ಹೋದ ವರ್ಷ ಇದ್ದವರು ಈ ವರ್ಷ ಇದ್ದಾರೆಯೆ, ಇಲ್ಲವಾದರೆ ಯಾಕೆ ಹೋದರು ಎಂದು ಕೇಳಬೇಕೆಂದು ರಾಯರಿಗೆ ಹೊಳೆದೇ ಇರಲಿಲ್ಲ. ಶಾಲೆಯ ಹೊಳೆಯುವ ಬ್ರೋಷರಿನಲ್ಲೂ ಅದಕ್ಕೊಂದು ಪುಟವಿಲ್ಲ. ಕುದುರೆ ಸವಾರಿಗೆ ಎರಡಿವೆ. ಅವ್ವ ಮರುದಿನ ತಾವೇ ಗೇಟಿಗೆ ಹೋಗಿ ಶಾಲೆ ಬಿಡುವವರೆಗೆ ನಿಂತರು. ಎಳೆಯ ವಯಸ್ಸಿನ ಅಕ್ಕೋರೊಬ್ಬರು ಒಂದೊಂದು ಮಗುವನ್ನೂ ಹೆಸರು ಹಿಡಿದು ಕರೆದು ರಿಕ್ಷಾ ಕಾಕಾಗೆ ಒಪ್ಪಿಸುವುದನ್ನು ನೋಡಿದರು. 'ಈಕಿ ಚೊಲೊ ಅದಾಳ' ಎಂದು ತೀರ್ಪು ಕೊಟ್ಟು ಊರಿಗೆ ಹೊರಟರು. ಅಡ್ಮಿಷನ್ ಆಯಿತು. ಜೂನಿನಲ್ಲಿ ಮಗಳು ಶಾಲೆಗೆ ಹೋದಾಗ ಆ ಅಕ್ಕೋರು ಇರಲಿಲ್ಲ. ಇನ್ನೊಂದು ಶಾಲೆಯವರು ಪಗಾರ ಹೆಚ್ಚು ಕೊಟ್ಟಿದ್ದರಂತೆ.

ಸೇರಿಸಿದ ಮೇಲೆ ಇಂಥ ಅಪ್ಪಂದಿರು ಸುಮ್ಮನಾಗುತ್ತಾರೆ ಎಂದು ನಾನು ತಿಳಿದಿದ್ದೆ. ರಾಯರು ಸ್ಪ್ರಿಂಗ್ ಕಾಟಾ ಕೊಂಡರು. ಪಾಟೀಚೀಲ ಮಗುವಿನ ತೂಕದ ಶೇಕಡ 10ನ್ನು ಮೀರಬಾರದೆಂದು ಮಹಾರಾಷ್ಟ್ರ ಸರಕಾರ 2015ರಲ್ಲೇ ಆದೇಶ ಹೊರಡಿಸಿದೆ. ಮಗಳು 18 ಕಿಲೋ, ಅಂದರೆ ಚೀಲ 1 ಕಿಲೋ 800 ಗ್ರಾಮ್. ಬೆಳಗ್ಗೆ ಚೀಲ ತೂಗಿದರೆ ಮೂರರ ಹತ್ತಿರ. ರಾಯರು ಪುಸ್ತಕ ತೆಗೆದರು, ಸಂಜೆ ಡೈರಿಯಲ್ಲಿ ಕೆಂಪು ಷರಾ ಬಂತು. ನೀರಿನ ಬಾಟಲಿ ತೆಗೆದರು, ಹೆಂಡತಿ ಬೈದರು. ಕೊನೆಗೆ, 'ಚೀಲ ಇಳಸೂದು ಆಗೂದಿಲ್ಲ, ಕೂಸಿನ ತೂಕನ ಏರಸೂಣು' ಎಂದು ದಿನಾ ಎರಡು ಚಮಚ ತುಪ್ಪ ಶುರು ಮಾಡಿದರು.

ಅಷ್ಟರಲ್ಲಿ ಪೋಷಕ–ಶಿಕ್ಷಕ ಸಂಘದ ಕಾರ್ಯಕಾರಿ ಸಮಿತಿಗೆ ಚೀಟಿ ಎತ್ತಿದರು. 2011ರ ಶುಲ್ಕ ನಿಯಂತ್ರಣ ಕಾಯ್ದೆಯಂತೆ ಆಡಳಿತ ಮಂಡಳಿಯ ಹೊಸ ಫೀ ಮೊದಲು ಬರುವುದು ಈ ಸಮಿತಿಯ ಮುಂದೆಯೇ. ಚೀಟಿಯಲ್ಲಿ ರಾಯರ ಹೆಸರೇ ಬಂತು. ಗೇಟಿನ ಹೊರಗಿನ ಅಪ್ಪಂದಿರೆಲ್ಲ ಬೆನ್ನು ತಟ್ಟಿದರು. ಸಭೆಯ ದಿನ ರಾಯರು ವಹಿ, ಕಾಟಾ ಎರಡನ್ನೂ ಹಿಡಿದು ಯುದ್ಧಕ್ಕೆಂಬಂತೆ ಹೊರಟರು. ರಾತ್ರಿ ಬಂದಾಗ ಮುಖ ಅರಳಿತ್ತು.

'ಏನಾತು?' ಎಂದರು ಹೆಂಡತಿ.

'ಭಾಳ ಜಗ್ಗಾಡಿದ್ವಿ. ಕಡಿಮಿ ಮಾಡಿಸಿದ್ವಿ.'

'ಎಷ್ಟರಿಂದ ಎಷ್ಟಕ್ಕ ರೀ?'

'ಅವರು ಹದಿನಾಲ್ಕು ಪರ್ಸೆಂಟ್ ಏರಸ್ತೀವಿ ಅಂದಿದ್ರು. ನಾವು ಹದಿಮೂರೂವರಿಗೆ ತಂದು ಸಹಿ ಮಾಡಿದ್ವಿ.'

'ಜಗ್ಗಾಡಿ ಜಗ್ಗಾಡಿ ಹಸಿವ್ಯಾಗಿರಬೇಕು. ತಾಟು ಹಾಕ್ಲಿ?'

'ಬ್ಯಾಡ. ಶಾಲಿಯವರು ಸಮೋಸಾ ಕೊಟ್ಟಿದ್ರು' ಎಂದು ರಾಯರು ವಹಿ ತೆರೆದು, ಪೆನ್ನಿನ ಟೋಪಿ ತೆಗೆದು, ಎಡಗಡೆ ಬರೆಯತೊಡಗಿದರು.